ಬೂದು ಪ್ಯಾಂಟಿನ ಹಿಂಬದಿ ಹೊಲಿಗೆ

ಮಾರ್ಚ್ ೪, ಸೋಮವಾರ

ಈ ಅಳತೆ ಪುಸ್ತಕದ ಕೊನೆಯ ಹಾಳೆಗಳು ಖಾಲಿ ಉಳಿದಿದ್ದವು. ಇಲ್ಲಿ ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಗಡಿಯಲ್ಲಿ ಇದನ್ನು ಮುಟ್ಟುವವನು ನಾನೊಬ್ಬನೇ. ಮನೆಯಾಕೆಗಂತೂ ಊರವರ ಸೊಂಟ, ತೋಳು, ಕುತ್ತಿಗೆಗಳ ಗೊಡವೆ ಬೇಕಿಲ್ಲ. ಅರವತ್ತನಾಲ್ಕಕ್ಕೆ ನನಗೆ ಡೈರಿ ಬರೆಯುವ ಚಪಲ ಹತ್ತಿದೆ ಎಂದಲ್ಲ. ಬಾಯಿಬಿಟ್ಟು ಹೇಳಲಾಗದ ಒಂದು ವಿಷಯ ಇದೆ, ಅಷ್ಟೇ.

ಇವತ್ತು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರೊಳಗೆ ಏಳು ಸಲ ಒಂದಕ್ಕೆ ಹೋದೆ. ನಮ್ಮ ಸಾಲಿನ ಐದು ಅಂಗಡಿಗಳಿಗೂ ಚಪ್ಪಲಿ ಅಂಗಡಿಯ ಹಿಂದಿರುವ ಒಂದೇ ಪಾಯಿಖಾನೆ. ಅದರ ಬೀಗದ ಕೈ ಚಪ್ಪಲಿ ಅಂಗಡಿಯವನ ಗಲ್ಲಾದ ಮೇಲೆ ನೇತಾಡುತ್ತಿರುತ್ತದೆ. ಐದನೇ ಸಲ ಆತ, "ನಿಮ್ಮ ಹತ್ರಾನೇ ಇಟ್ಕೊಳಿ ಮಾಸ್ಟ್ರೇ, ಸಾಯಂಕಾಲ ಕೊಟ್ರಾಯ್ತು" ಎಂದ. ಹೋಗಿ ನಿಂತರೆ ಆಗುವುದಾದರೂ ಏನು? ಗೋಡೆ ನೋಡಿಕೊಂಡು ಕಾಯಬೇಕು. ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ವಾಪಸ್ ಬಂದು ಮಷೀನಿನ ಮುಂದೆ ಕೂತರೆ ಮತ್ತೆ ಅವಸರ.

ಕಾಜಾ ಹಾಕುವವನಿಗೆ ಅನುಮಾನ ಬಂದಿದೆ. ಇಪ್ಪತ್ತಾರು ವರ್ಷದಿಂದ ನನ್ನ ಎದುರಿಗೇ ಕೂತು ಗುಂಡಿಗೆ ತೂತು ಹೊಲಿಯುವವನು, ಅವನ ಕಣ್ಣು ತಪ್ಪಿಸುವುದು ಕಷ್ಟ. "ಏನ್ ಮಾಸ್ಟ್ರೇ, ಚಪ್ಪಲಿ ಅಂಗಡೀಲಿ ಸಂಬಂಧ ಬೆಳೆಸ್ತಿದೀರಾ?" ಎಂದ. ನಾನು ನಗಲಿಲ್ಲ. ನಾಳೆಯಿಂದ ಅಂಗಡಿಯಲ್ಲಿ ನೀರು ಕುಡಿಯುವುದನ್ನೇ ಬಿಡುತ್ತೇನೆ. ಒಳಗೆ ಹೋದರೆ ತಾನೇ ಹೊರಗೆ ಬರುವುದು.

ಇನ್ನೊಂದು ಕಿರಿಕಿರಿ. ಬೂದು ಪ್ಯಾಂಟು ಮತ್ತೆ ಬಿಗಿಯಾಗಿದೆ. ಹನ್ನೊಂದು ವರ್ಷದ ಹಿಂದೆ ನಾನೇ ಕತ್ತರಿಸಿ ಹೊಲಿದದ್ದು, ಮೊದಲ ದರ್ಜೆಯ ಬಟ್ಟೆ. ಇವಳು ಅದನ್ನು ಬಿಸಿನೀರಿಗೆ ಹಾಕಿ ಹಾಕಿ ಕುಗ್ಗಿಸಿಬಿಟ್ಟಿದ್ದಾಳೆ. ಎಷ್ಟು ಸಲ ಹೇಳಿದರೂ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಎಲ್ಲರೂ ಹೋದ ಮೇಲೆ ಹಿಂಬದಿಯ ಹೊಲಿಗೆ ಬಿಚ್ಚಿ ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟು ಸಡಿಲ ಮಾಡಿದೆ. ಗಿರಾಕಿಗಳ ಪ್ಯಾಂಟಿನಲ್ಲಿ ಒಳಗೆ ಒಂದೂವರೆ ಇಂಚು ಬಟ್ಟೆ ಉಳಿಸುತ್ತೇನೆ, ನನ್ನದರಲ್ಲಿ ಮೂರು ಉಳಿಸಿಕೊಂಡಿದ್ದೆ. ಈಗ ಅದೂ ಮುಗಿಯಿತು. ಇನ್ನೊಮ್ಮೆ ಕುಗ್ಗಿದರೆ ಬಿಡಲು ಏನೂ ಇಲ್ಲ.

ಮಾರ್ಚ್ ೯, ಶನಿವಾರ

ಬರೆಯಲು ಕೂತಿದ್ದು ಇದನ್ನು ಬರೆಯಲಿಕ್ಕೇ. ಮೊನ್ನೆ ಕೈ ಬರಲಿಲ್ಲ.

ಅಣ್ಣನಿಗೂ ಹೀಗೇ ಶುರುವಾಗಿತ್ತು. ಕತ್ತರಿ ಹಿಡಿಯುವುದನ್ನು ನನಗೆ ಕಲಿಸಿದವನು ಅವನು. ಈ ಅಂಗಡಿ ಅವನದು, ನನ್ನ ಕುತ್ತಿಗೆಯಲ್ಲಿರುವ ಟೇಪೂ ಅವನದೇ. ಪದೇ ಪದೇ ಎದ್ದು ಹೋಗುತ್ತಿದ್ದ. ಕೇಳಿದರೆ, "ವಯಸ್ಸಾಯ್ತಲ್ಲೋ" ಎನ್ನುತ್ತಿದ್ದ. ಎರಡು ವರ್ಷ ಅದೊಂದೇ ಮಾತು. ಬೆನ್ನು ನೋವು ತಡೆಯಲಾಗದೆ ಆಸ್ಪತ್ರೆಗೆ ಹೋದಾಗ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರು ಮೂಳೆಗೆ ಇಳಿದಿತ್ತು. ಆಮೇಲೆ ನಾಲ್ಕು ತಿಂಗಳು ಇದ್ದ. ಕತ್ತರಿಸುವ ಮೇಜಿನ ಮೇಲೆ ಅವನ ಫೋಟೋ ಇದೆ. ಈ ವಾರವೆಲ್ಲ ನಾನು ಅದರ ಕಡೆ ನೋಡಿಲ್ಲ.

ನನಗೆ ಹೆದರಿಕೆಯಾಗಿದೆ. ಡಾಕ್ಟರ ಹತ್ತಿರ ಹೋದರೆ ಅದೇ ಎನ್ನುತ್ತಾರೆ, ಹೋಗದಿದ್ದರೆ ಯಾರೂ ಏನೂ ಎನ್ನುವುದಿಲ್ಲ. ಇದು ದಡ್ಡತನವೆಂದು ಗೊತ್ತು. ಗೊತ್ತಿದ್ದೂ ಹೋಗುತ್ತಿಲ್ಲ.

ಇವಳು ಊಟದ ಹೊತ್ತಿಗೆ, "ಲೋಟ ಹಾಗೇ ಇದೆಯಲ್ಲ, ನೀರು ಯಾಕೆ ಕುಡೀತಿಲ್ಲ?" ಎಂದು ಕೇಳಿದಳು. "ನೀನು ಬಿಸಿನೀರಲ್ಲಿ ಬಟ್ಟೆ ಹಾಳು ಮಾಡೋದು ಬಿಡು, ಆಮೇಲೆ ನನ್ನ ನೀರಿನ ವಿಚಾರ ಮಾತಾಡು" ಎಂದು ರೇಗಿದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ ೧೫, ಶುಕ್ರವಾರ

ನೆಗಡಿ. ಮೂಗು ಕಟ್ಟಿ ತಲೆ ಭಾರ. ಕಾಜಾದವನು ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಟ್ಟ. ಬೆಳಿಗ್ಗೆ ಒಂದು, ಸಂಜೆ ಒಂದು. ಮೂಗು ಬಿಟ್ಟಿತು.

ಮಾರ್ಚ್ ೧೮, ಸೋಮವಾರ

ಮೂಗು ಬಿಟ್ಟಿತು, ಕೆಳಗೆ ಬಾಗಿಲು ಹಾಕಿತು.

ಇದನ್ನು ಮನೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಅಳತೆ ಪುಸ್ತಕ ಬೇಕೆಂದು ಹೇಳಿ ಕಳಿಸಿದ್ದೆ. ತಂದ ಕಾಜಾದವನು, "ಹೆಂಗೂ ಮಲಗಿದೀರಿ, ಈಗ ಯಾರ ಅಳತೆ ಬರೀತೀರಿ?" ಎಂದ.

ಶನಿವಾರ ಬೆಳಿಗ್ಗೆಯಿಂದ ಒಂದು ಹನಿಯೂ ಬರಲಿಲ್ಲ. ಅವಸರ ಮಾತ್ರ ಹೇಳತೀರದು. ಮೂರು ಗಂಟೆಗೆ ಹೊಟ್ಟೆಯ ಕೆಳಭಾಗ ಕಲ್ಲಾಗಿತ್ತು. ಪಾಯಿಖಾನೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಬೆವರು ಸುರಿಯುತ್ತಿತ್ತು. ಕಾಜಾದವನು ಬಾಗಿಲು ಬಡಿದ. "ಮಾಸ್ಟ್ರೇ, ತೆಗೀರಿ. ತಮಾಷೆ ಸಾಕು." ತೆಗೆದೆ. ನನ್ನ ಮುಖ ನೋಡಿ ಅವನು ಓಡಿಹೋಗಿ ಟ್ಯಾಕ್ಸಿ ಕರೆತಂದ. ದಾರಿಯಲ್ಲಿ ಮನೆಗೆ ಫೋನ್ ಮಾಡಿದ. ಬೇಡ ಎಂದೆ, ಕೇಳಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ಈ ಕಾಯಿಲೆಯ ಡಾಕ್ಟರಮ್ಮ ನಮ್ಮ ಗಿರಾಕಿಯೇ. ಎರಡು ವರ್ಷದ ಹಿಂದೆ ಎರಡು ಬಿಳಿ ಕೋಟು ಹೊಲಿಸಿಕೊಂಡಿದ್ದರು. ಬಲಭುಜ ಅರ್ಧ ಇಂಚು ಇಳಿಜಾರು, ಅದನ್ನು ಕೋಟಿನಲ್ಲಿ ಮುಚ್ಚಿಕೊಟ್ಟಿದ್ದೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದೆ ಸರಿದೆ. ಅವರು, "ನೀವು ಅಳತೆ ತಗೊಂಡಾಗ ಅಲ್ಲಾಡಬೇಡಿ ಅಂತ ನನ್ನನ್ನ ಗದರಿದ್ರಿ. ಈಗ ನೀವು ಅಲ್ಲಾಡಬೇಡಿ" ಎಂದರು. ನಳಿಕೆ ಹಾಕಿದರು. ಹಾಕುವಾಗಿನ ನೋವು ಬರೆಯುವುದಿಲ್ಲ. ಆದರೆ ಹಾಕಿದ ಮೇಲೆ ಒಂದು ಲೀಟರು ಹರಿದುಹೋಯಿತು. ಹೋದ ಜೀವ ಮರಳಿ ಬಂತು. ಆ ಮಂಚದ ಮೇಲೆ ನಾನು ಅತ್ತುಬಿಟ್ಟೆ. ಅಷ್ಟು ಸುಖ ನಾನು ಯಾವತ್ತೂ ಕಂಡಿರಲಿಲ್ಲ.

ಕಣ್ಣು ಒರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಇವಳು. ಅಳುತ್ತಿರಲಿಲ್ಲ. ಸಿಟ್ಟಿತ್ತು.

"ಎಷ್ಟು ದಿನದಿಂದ?"

"ಒಂದು ವರ್ಷ ಆಗಿರಬಹುದು."

"ಭಾವನೋರ ಹಾಗೇ ಮಾಡೋಣ ಅಂತಿದ್ರಾ?"

ನಾನು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡೆ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಮೂತ್ರದ ದಾರಿಯ ಸುತ್ತ ಈ ಗ್ರಂಥಿ ಇರುತ್ತದಂತೆ. ವಯಸ್ಸಾದಂತೆ ದಪ್ಪವಾಗಿ ದಾರಿಯನ್ನು ಹಿಸುಕುತ್ತದೆ, ಪೈಜಾಮದ ಲಾಡಿ ಬಿಗಿದ ಹಾಗೆ. ಮೊದಲೇ ಬಿಗಿದಿದ್ದದ್ದನ್ನು ನೆಗಡಿ ಮಾತ್ರೆ ಪೂರ್ತಿ ಗಂಟು ಹಾಕಿತು. ಆಮೇಲೆ ಕೇಳಿದರು.

"ಇತ್ತೀಚಿನ ವರ್ಷಗಳಲ್ಲಿ ತೂಕ ಜಾಸ್ತಿ ಆಯ್ತಾ?"

"ಇಲ್ಲ ಡಾಕ್ಟ್ರೇ. ಹನ್ನೊಂದು ವರ್ಷದಿಂದ ಇದೇ ಪ್ಯಾಂಟು ಹಾಕ್ತಿದೀನಿ."

ಇವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ತೂಕದ ಯಂತ್ರ ತೊಂಬತ್ತೆಂಟು ಕಿಲೋ ಎಂದಿತು. ನರ್ಸು ಟೇಪು ಸುತ್ತಿ ಸೊಂಟ ನಲವತ್ತನಾಲ್ಕು ಇಂಚು ಎಂದಳು. ಆ ಟೇಪಿನ ತುದಿ ಸವೆದಿತ್ತು. ತುದಿ ಸವೆದ ಟೇಪು ಹೆಚ್ಚೇ ತೋರಿಸುತ್ತದೆ, ಅದು ನನಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿಲ್ಲ. ನಾನು ಮೂವತ್ತೆಂಟು ಇಂಚಿನವನು. "ಹೊಟ್ಟೆ ಸುತ್ತ ಕೊಬ್ಬು ತುಂಬಿದೋರಿಗೆ ಈ ಗ್ರಂಥಿ ದೊಡ್ಡದಾಗೋ ಸಾಧ್ಯತೆ ಜಾಸ್ತಿ ಮಾಸ್ಟ್ರೇ. ವಯಸ್ಸಿಗೆ ನಾವೇನೂ ಮಾಡಕ್ಕಾಗಲ್ಲ, ಸೊಂಟಕ್ಕೆ ಮಾಡ್ಬಹುದು" ಎಂದರು.

ಅಣ್ಣನ ವಿಷಯ ಕೇಳಿದ್ದು ಇವಳು, ನಾನಲ್ಲ. ಡಾಕ್ಟರಮ್ಮ ಹೇಳಿದರು. "ಬೆರಳಲ್ಲಿ ಮುಟ್ಟಿ ನೋಡಿದ್ರೆ ಗ್ರಂಥಿ ನುಣ್ಣಗಿದೆ, ಗಂಟು ಏನಿಲ್ಲ. ಆದ್ರೂ ಅಣ್ಣನಿಗೆ ಇತ್ತು ಅಂದ್ಮೇಲೆ ರಕ್ತಪರೀಕ್ಷೆ ಮಾಡ್ಲೇಬೇಕು. ಈಗ ಮಾಡಿದ್ರೆ ತಪ್ಪು ತೋರಿಸುತ್ತೆ. ಆರು ವಾರ ಹೋಗ್ಲಿ." ಗುರುವಾರ ನಳಿಕೆ ತೆಗೆಯುತ್ತಾರೆ. ತೆಗೆದ ಮೇಲೆ ತಾನಾಗಿ ಹೋದರೆ ಸರಿ, ಇಲ್ಲದಿದ್ದರೆ ಆಪರೇಷನ್ನು.

ಮಾರ್ಚ್ ೨೧, ಗುರುವಾರ

ಹೋಯಿತು.

ಬೆಳಿಗ್ಗೆ ಎಂಟಕ್ಕೆ ನಳಿಕೆ ತೆಗೆದರು. ನೀರು ಕುಡಿಯುತ್ತ ಕಾರಿಡಾರಿನ ಬೆಂಚಿನ ಮೇಲೆ ಕೂರಿ ಎಂದರು. ಬೆಂಚಿನಲ್ಲಿ ನನ್ನಂಥವರೇ ಇನ್ನೂ ಮೂವರು, ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಅಭ್ಯಾಸಬಲದಿಂದ ಅವರ ಸೊಂಟ ನೋಡಿದೆ. ನಲವತ್ತಾರು, ನಲವತ್ತೆರಡು, ನಲವತ್ತೈದು. ಮೂವತ್ತೆಂಟರವನು ನಾನೊಬ್ಬನೇ.

ಹತ್ತೂವರೆಗೆ ಒಮ್ಮೆ ಒಳಗೆ ಹೋಗಿ ಬರಿಗೈಯಲ್ಲಿ ಬಂದೆ. ಇವಳು ಬಾಟಲಿ ತುಂಬಿಸಿಕೊಟ್ಟಳು. ಹನ್ನೊಂದೂಕಾಲಿಗೆ ಮತ್ತೆ ಹೋಗಿ ನಿಂತೆ. ಅಣ್ಣನ ನೆನಪಾಯಿತು. ಅವನು ಹೀಗೆ ಒಬ್ಬನೇ ಎಷ್ಟು ಸಲ ನಿಂತಿದ್ದನೋ. ಹೊರಗೆ ಇವಳು ಕಾಯುತ್ತಿದ್ದಾಳೆ ಎಂಬುದೊಂದೇ ಆಗ ಧೈರ್ಯ. ಆಮೇಲೆ ಶುರುವಾಯಿತು, ಸಣ್ಣಗೆ, ಆದರೆ ನಿಲ್ಲದೆ. ನರ್ಸು ಜಾಡಿ ನೋಡಿ ಮುನ್ನೂರು ಮಿಲಿ ಎಂದಳು. ಪರೀಕ್ಷೆಗಳಲ್ಲಿ ನಾನು ಯಾವತ್ತೂ ಅಷ್ಟು ಅಂಕ ತೆಗೆದವನಲ್ಲ. ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿ ನೋಡಿ, ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ ಸಾಕು ಎಂದರು. ಕೂತಲ್ಲಿಂದ ತಟ್ಟನೆ ಏಳಬಾರದು, ಮಾತ್ರೆಗೆ ತಲೆ ಸುತ್ತುತ್ತದಂತೆ.

ಹೊರಗೆ ಬಂದು ಬೆರಳಲ್ಲಿ ಮೂರು ತೋರಿಸಿದೆ. ಇವಳಿಗೆ ಅರ್ಥವಾಗಲಿಲ್ಲ. "ಮುನ್ನೂರು" ಎಂದೆ. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ನಾನು ಹೇಳಿದ ಯಾವ ಮಾತಿಗೂ ಅವಳ ಮುಖ ಹಾಗೆ ಅರಳಿರಲಿಲ್ಲ.

ಏಪ್ರಿಲ್ ೨, ಮಂಗಳವಾರ

ಮನೆಯಲ್ಲಿ ಕಾಯಿದೆ ಬದಲಾಗಿದೆ. ಕರಿದದ್ದು ಬಂದ್. ಚಹಾಕ್ಕೆ ಸಕ್ಕರೆ ಬಂದ್, ಸಂಜೆಯ ಮೇಲೆ ಚಹಾವೇ ಬಂದ್. ಅನ್ನ ಅರ್ಧಕ್ಕೆ ಇಳಿದು ಆ ಜಾಗದಲ್ಲಿ ತರಕಾರಿ ಬಂದು ಕೂತಿದೆ. ನೀರು ಮಾತ್ರ ಹಗಲೆಲ್ಲ ಕುಡಿಯಬೇಕು. ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ. ಇವಳು ಜೊತೆಗೆ ಬರುತ್ತಾಳೆ, ನಾನು ಬೇಕರಿಯ ಕಡೆ ತಿರುಗದಂತೆ ಕಾಯಲು.

ಅಂಗಡಿಯಲ್ಲೂ ಬಿಡುಗಡೆ ಇಲ್ಲ. ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರೆ ಒಳಗೆ ಗುಂಡಿಗಳು. "ಮನೆಯಿಂದ ಅಕ್ಕ ಫೋನ್ ಮಾಡಿದ್ರು" ಎಂದ ಕಾಜಾದವನು, ತಲೆ ಎತ್ತದೆ. ಅವನ ಸೊಂಟ ಮೂವತ್ತು. ಅಂಥವನ ಮುಂದೆ ಹಸಿದು ಕೂರುವುದು ಸುಲಭವಲ್ಲ.

ನನ್ನನ್ನು ಎಲ್ಲರೂ ದಪ್ಪ ಎಂದು ತೀರ್ಮಾನ ಮಾಡಿಬಿಟ್ಟಿದ್ದಾರೆ. ಬಟ್ಟೆ ಕುಗ್ಗಿದ್ದಕ್ಕೆ ನಾನು ಶಿಕ್ಷೆ ಅನುಭವಿಸುತ್ತಿದ್ದೇನೆ.

ಏಪ್ರಿಲ್ ೧೮, ಗುರುವಾರ

ನಡೆದೆ. ಹಸಿವು. ಇವಳ ಜೊತೆ ಜಗಳ. ಸೋತೆ.

ಮೇ ೬, ಸೋಮವಾರ

ರಕ್ತ ಕೊಟ್ಟು ಬಂದೆ. ಫಲಿತಾಂಶ ಬುಧವಾರ. ಒಂದು ಕೋಟಿನ ಎಡತೋಳನ್ನು ಬಲಕ್ಕೆ ಜೋಡಿಸಿಬಿಟ್ಟೆ. ನಲವತ್ತು ವರ್ಷದಲ್ಲಿ ಇದು ಎರಡನೇ ಸಲ. ಮೊದಲನೆಯದು ಅಣ್ಣ ಹೋದ ವಾರ. ಕಾಜಾದವನು ಬಿಚ್ಚಿಕೊಟ್ಟ, ತಮಾಷೆ ಮಾಡಲಿಲ್ಲ.

ಬೆಳಿಗ್ಗೆ ನಡೆಯುವಾಗ ಇವಳಿಗೆ ಹೇಳಿದೆ, "ನಂಗೆ ಹೆದರಿಕೆ ಆಗ್ತಿದೆ ಕಣೇ." ಅವಳು, "ನಂಗೂ ಆಗ್ತಿದೆ. ಬನ್ನಿ, ಇನ್ನೊಂದು ಸುತ್ತು ಹೋಗೋಣ" ಎಂದಳು. ಎರಡು ಸುತ್ತು ಹೋದೆವು.

ಮೇ ೮, ಬುಧವಾರ

ಅದಲ್ಲ. ಅದು ಅಲ್ಲವೇ ಅಲ್ಲ.

ಡಾಕ್ಟರಮ್ಮ ಕಾಗದವನ್ನು ನಮ್ಮ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ಇದು ನಿಮ್ಮ ವಯಸ್ಸಿಗೆ ಇರಬೇಕಾದಷ್ಟೇ ಇದೆ. ನಿಮ್ಮದು ಬರೀ ಗ್ರಂಥಿ ದೊಡ್ಡದಾಗಿರೋದು, ಕ್ಯಾನ್ಸರಿನ ಸುಳಿವು ಕಾಣ್ತಿಲ್ಲ. ವರ್ಷಕ್ಕೊಂದ್ಸಲ ಬಂದು ತೋರಿಸ್ತಿರಿ, ಕಣ್ಣಾಮುಚ್ಚಾಲೆ ಆಡ್ಬೇಡಿ." ತೂಕ ಇಳಿದರೆ ಗ್ರಂಥಿ ಮಾಯವಾಗಿಬಿಡುವುದಿಲ್ಲ, ಆದರೆ ತೊಂದರೆ ಬೆಳೆಯುವುದನ್ನು ತಡೆಯಬಹುದು ಎಂದೂ ಹೇಳಿದರು. ನಾನು ಎದ್ದು ನಿಂತು ಕೈಮುಗಿದೆ. ತಟ್ಟನೆ ಎದ್ದದ್ದಕ್ಕೆ ತಲೆ ಸುತ್ತಿ ಮತ್ತೆ ಕೂತೆ.

ಅಲ್ಲಿಂದ ನೇರ ಅಂಗಡಿಗೆ ಹೋಗಿ ಅಣ್ಣನ ಫೋಟೋದ ಗಾಜು ಒರೆಸಿದೆ. ಬಹಳ ಧೂಳು ಕೂತಿತ್ತು. ನೀನೂ ಅತ್ತಿಗೆಗೆ ಹೇಳಬೇಕಿತ್ತು ಕಣೋ ಎಂದೆ. ಕಾಜಾದವನು ಕೇಳಿಸಿಕೊಳ್ಳದವನಂತೆ ಸೂಜಿಗೆ ದಾರ ಪೋಣಿಸುತ್ತಿದ್ದ. ಸೂಜಿಯಲ್ಲಿ ಆಗಲೇ ದಾರವಿತ್ತು.

ಜೂನ್ ೨೦, ಗುರುವಾರ

ಕೆಲಸದ ಒತ್ತಡ, ಆರು ವಾರದಿಂದ ಬರೆದಿಲ್ಲ. ಬರೆಯುವಂಥದ್ದೂ ಏನಿಲ್ಲ. ನಡೆಯುತ್ತೇವೆ, ಈಗ ಒಂದು ಗಂಟೆ. ಬೀಗದ ಕೈಯನ್ನು ಚಪ್ಪಲಿ ಅಂಗಡಿಯವನಿಗೆ ವಾಪಸ್ ಕೊಟ್ಟಿದ್ದೇನೆ. ರಾತ್ರಿ ಒಂದೇ ಸಲ ಎಚ್ಚರವಾಗುತ್ತದೆ.

ಬೇಕರಿ ಮಾಲೀಕ ಮಗಳ ಮದುವೆಗೆ ಸೂಟು ಹೊಲಿಸಲು ಬಂದಿದ್ದ. ಸೊಂಟ ನಲವತ್ತಾರು. ಮೊದಲಾದರೆ ಅವನು ಹೋದ ಮೇಲೆ ಕಾಜಾದವನೂ ನಾನೂ ಒಂದು ಗಂಟೆ ನಗುತ್ತಿದ್ದೆವು. ಅಳತೆ ತೆಗೆಯುವಾಗ ಎರಡು ಸಲ ಪಾಯಿಖಾನೆ ಎಲ್ಲಿ ಎಂದು ಕೇಳಿದ. ಟೇಪು ಸುತ್ತಿದಾಗ ಅವನ ಕಿವಿ ಹತ್ತಿರವೇ ಇತ್ತು, ಡಾಕ್ಟರಮ್ಮನ ವಿಳಾಸ ಹೇಳಿದೆ. "ನಿಮಗೆ ಹ್ಯಾಗೆ ಗೊತ್ತಾಯ್ತು?" ಎಂದ. "ಹೋಗಿ ತೋರಿಸ್ಕೊಂಡು ಬನ್ನಿ, ಆಗ ಹೇಳ್ತೀನಿ" ಎಂದೆ. ಈ ತಿಂಗಳಲ್ಲಿ ನಾನು ಹೀಗೆ ಕಳಿಸಿದವರಲ್ಲಿ ಇವನು ನಾಲ್ಕನೆಯವನು.

ಇನ್ನು ಪ್ಯಾಂಟಿನ ವಿಷಯ. ಬೂದು ಪ್ಯಾಂಟು ಸಡಿಲವಾಗಿ ಕೆಳಗೆ ಜಾರುತ್ತಿದೆ. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆದೆ. ಇವಳು ಈಗ ಹೊಸ ಸೋಪು ತಂದಿದ್ದಾಳೆ, ಅದು ನೂಲನ್ನೇ ಸಡಿಲ ಮಾಡುತ್ತಿರಬೇಕು. "ಮೊದ್ಲು ಕುಗ್ಗಿಸಿದೆ, ಈಗ ಜಗ್ಗಿಸ್ತಿದೀಯಾ?" ಎಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಬಹಳ ಹೊತ್ತು ಕೆಮ್ಮಿನಂಥ ಸದ್ದು ಬರುತ್ತಿತ್ತು.

ಸೆಪ್ಟೆಂಬರ್ ೬, ಶುಕ್ರವಾರ

ಆಸ್ಪತ್ರೆಗೆ ಹೋಗುವಾಗ ನನ್ನದೇ ಟೇಪು ಒಯ್ದೆ. ಅಣ್ಣನ ಟೇಪು, ತುದಿಗೆ ಹಿತ್ತಾಳೆ ಇದೆ, ಸವೆಯುವುದಿಲ್ಲ. ಡಾಕ್ಟರಮ್ಮ ತಾವೇ ಸುತ್ತಿ ನೋಡಿದರು. ನಲವತ್ತು. ಮಾರ್ಚಿನ ಕಾಗದ ತೆಗೆದು ತೋರಿಸಿದರು, ನಲವತ್ತನಾಲ್ಕು. ತೂಕ ಎಂಬತ್ತಾರು. ಸ್ಕ್ಯಾನಿನಲ್ಲಿ ಒಳಗೆ ಉಳಿಯುವುದು ನೆಪಕ್ಕಷ್ಟೇ. ಆಪರೇಷನ್ನಿನ ಮಾತೇ ಬೇಡ, ಮಾತ್ರೆಯೊಂದು ಮುಂದುವರಿಯಲಿ ಎಂದರು.

"ಅವತ್ತು ಆ ಟೇಪು ಸರಿ ಇರ್ಲಿಲ್ಲ ಡಾಕ್ಟ್ರೇ" ಎಂದೆ.

"ಯಂತ್ರಾನೂ ಸರಿ ಇರ್ಲಿಲ್ವಾ ಮಾಸ್ಟ್ರೇ?"

ಮನೆಗೆ ಬಂದು ಬೂದು ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಚ್ಚಿದೆ. ಬಿಗಿ ಮಾಡಬೇಕಿತ್ತು. ಇಷ್ಟು ವರ್ಷ ಈ ಹೊಲಿಗೆಯನ್ನು ಎಲ್ಲರೂ ಹೋದ ಮೇಲೆ ಅವಸರದಲ್ಲಿ ಬಿಚ್ಚಿ ಹೊಲಿದಿದ್ದೆ. ಇವತ್ತು ಮೊದಲ ಸಲ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಬಿಚ್ಚಿದೆ. ಒಳಗೆ ಸೂಜಿ ತೂತಿನ ಸಾಲುಗಳಿದ್ದವು. ಒಂದರ ಪಕ್ಕ ಒಂದು, ಅರ್ಧರ್ಧ ಇಂಚಿಗೆ, ಏಳು. ಸಾಲಿನಿಂದ ಸಾಲಿಗೆ ಬಟ್ಟೆಯ ಬಣ್ಣ ಬೇರೆ. ಮೊದಲಿನ ಪಟ್ಟಿ ಬಿಸಿಲು ಕಂಡು ಮಾಸಿದೆ, ಕೊನೆಯದು ಇನ್ನೂ ಹೊಸದರ ಹಾಗಿದೆ.

ಗಿರಾಕಿಯ ಪ್ಯಾಂಟಿನಲ್ಲಿ ಇದನ್ನು ಕಂಡಿದ್ದರೆ ಏನು ಹೇಳುತ್ತಿದ್ದೆ? ಬಟ್ಟೆ ಕುಗ್ಗಿದ್ದರೆ ಉದ್ದವೂ ಕುಗ್ಗಬೇಕಿತ್ತು. ಕಾಲಿನ ಉದ್ದ ಅಳೆದೆ. ಹನ್ನೊಂದು ವರ್ಷದ ಹಿಂದೆ ಇದೇ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದದ್ದು ನಲವತ್ತು. ಈಗಲೂ ನಲವತ್ತು. ಕೆಲಸಕ್ಕೆ ಸೇರಿದ ಮೊದಲ ವಾರದವನಿಗೂ ಇದು ಹೊಳೆಯುತ್ತಿತ್ತು. ನಾನು ಹನ್ನೊಂದು ವರ್ಷ ನನ್ನ ಪ್ಯಾಂಟಿನ ಉದ್ದಕ್ಕೆ ಟೇಪು ಹಿಡಿದಿರಲಿಲ್ಲ.

ಇವಳನ್ನು ಕರೆದು ಸಾಲುಗಳನ್ನು ತೋರಿಸಿದೆ. ಅವಳು ಬೆರಳಿಟ್ಟು ಒಂದೊಂದನ್ನೇ ಮುಟ್ಟಿ ನೋಡಿದಳು.

"ನೀನು ಬಿಸಿನೀರಿಗೆ ಹಾಕ್ತಿದ್ದದ್ದು ಬಿಟ್ಟಿದ್ದು ಯಾವಾಗ?" ಎಂದೆ.

"ಹಾಕಿದ್ರೆ ತಾನೆ ಬಿಡೋದು. ಈ ಪ್ಯಾಂಟನ್ನ ನಾನು ಒಂದಿನಾನೂ ಬಿಸಿನೀರಿಗೆ ಹಾಕಿಲ್ಲ. ಮೊದಲನೇ ದಿನಾನೇ ಹೇಳಿದ್ರಲ್ಲ ನೀವು, ತಣ್ಣೀರಲ್ಲಿ ಒಗಿ ಅಂತ."

"ಮತ್ತೆ ಬೈಸ್ಕೊಂಡು ಯಾಕೆ ಸುಮ್ನಿದ್ದೆ?"

"ಮೊದಮೊದಲು ಹೇಳಿದೆ, ನೀವು ಕೇಳ್ಲಿಲ್ಲ. ಆಮೇಲೆ ಸುಮ್ನಾದೆ. ಬಟ್ಟೆದು ತಪ್ಪಲ್ಲ ಅಂದ್ರೆ ಮತ್ತೆ ಯಾರ್ದು ಅಂತ ಹೇಳ್ಬೇಕಿತ್ತು. ದಪ್ಪ ಅಂದ್ರೆ ನಿಮಗೆ ಬೇಜಾರು." ಆಮೇಲೆ ಪ್ಯಾಂಟನ್ನು ಮಡಚುತ್ತ ಹೇಳಿದಳು, "ಹೇಳ್ಬೇಕಿತ್ತು ರೀ. ಟ್ಯಾಕ್ಸಿಯಿಂದ ಫೋನ್ ಬಂದ ದಿನ ಅದೇ ಅನ್ಕೊಂಡೆ, ಆಗ್ಲೇ ಜಗಳ ಆಡಿಯಾದ್ರೂ ಹೇಳ್ಬೇಕಿತ್ತು ಅಂತ."

ನಾನು ಅವಳಿಂದ ಕಾಯಿಲೆ ಮುಚ್ಚಿಟ್ಟೆ, ಅವಳು ನನ್ನಿಂದ ನನ್ನ ಸೊಂಟವನ್ನು ಮುಚ್ಚಿಟ್ಟಳು. ಕ್ಷಮಿಸು ಎಂದು ನಾನು ಅವಳಿಗೆ ಯಾವತ್ತೂ ಹೇಳಿದವನಲ್ಲ. ಇವತ್ತು ಹೇಳಿದೆ. ಆಮೇಲೆ ಮೂರನೇ ಸಾಲಿನ ಹಳೇ ತೂತುಗಳ ಮೇಲೇ ಹೊಲಿಗೆ ಹಾಕಿದೆ. ಸರಿಯಾಗಿ ಕೂತಿತು.

ಸೆಪ್ಟೆಂಬರ್ ೮, ಭಾನುವಾರ

ಅಂಗಡಿಗೆ ರಜೆ. ಇವಳು ನಡಿಗೆ ಮುಗಿಸಿ ತರಕಾರಿಗೆ ಹೋದಾಗ ಬೂದು ಪ್ಯಾಂಟನ್ನು ನಾನೇ ಒಗೆದೆ. ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಉಜ್ಜಿ, ಹಿಂಡಿ, ತಂತಿಯ ಮೇಲೆ ಹಾಕಿದೆ. ಸಂಜೆ ಒಣಗಿತು. ಮೇಜಿನ ಮೇಲೆ ಹಾಸಿ ಅಣ್ಣನ ಟೇಪು ಹಿಡಿದು ಸೊಂಟ, ತೊಡೆ, ಉದ್ದ ಮೂರನ್ನೂ ಎರಡೆರಡು ಸಲ ಅಳೆದೆ.

ಒಂದು ನೂಲಿನಷ್ಟೂ ಕುಗ್ಗಿಲ್ಲ.

ಹೋಗಿ ಇವಳಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಒಳ್ಳೇ ಬಟ್ಟೆ ಅಂತ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು. ಕೈ ತೋರ್ಸಿ, ಸುಟ್ಕೊಂಡಿದೀರಾ?"